ಬಿಲದ ದಾರಿ, ಲೋಳೆಯ ದಾರಿ



ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಕೆಂಪುಮಣ್ಣಿನ ಹೊಲಗಳಲ್ಲಿ ರಾಗಿಯ ತೆನೆ ಬಲಿಯುವ ಹೊತ್ತಿಗೆ ಎರಡು ಬಗೆಯ ಜೀವಿಗಳು ಮನುಷ್ಯನ ಕಣ್ಣಿಗೆ ಬೀಳದಂತೆ ತಮ್ಮ ತಮ್ಮ ದಾರಿಗಳನ್ನು ಹಾಕಿಕೊಳ್ಳುತ್ತಿರುತ್ತವೆ. ಒಂದು, ಬದುವಿನೊಳಗೆ ಬಿಲ ತೋಡುವ ಹೆಗ್ಗಣ. ಇನ್ನೊಂದು, ತಿಪ್ಪೆಯ ಅಂಚಿನಲ್ಲಿ, ಕೊಳೆತ ಹುಲ್ಲಿನ ಅಡಿಯಲ್ಲಿ, ಮಳೆಗೆ ನೆನೆದ ಮರದ ಬುಡದಲ್ಲಿ ಹರಡಿಕೊಳ್ಳುವ ಲೋಳೆಬೂಷ್ಟು. ಮೊದಲನೆಯದು ಎಲುಬು, ರಕ್ತ, ಮಿದುಳುಗಳಿರುವ ಸಸ್ತನಿ, ಅಂದರೆ ಮರಿಗೆ ಹಾಲೂಡಿಸಿ ಸಾಕುವ ಪ್ರಾಣಿ. ಎರಡನೆಯದಕ್ಕೆ ಎಲುಬಿಲ್ಲ, ಬಾಯಿಲ್ಲ, ಕಣ್ಣಿಲ್ಲ, ನರಗಳಿಲ್ಲ. ಮಿದುಳಿನ ಮಾತಂತೂ ದೂರವೇ ಉಳಿಯಿತು. ಆದರೂ ಈ ಎರಡರ ಮುಂದಿರುವ ಪ್ರಶ್ನೆ ಒಂದೇ. ಬೆಳಕಿಲ್ಲದ ಜಾಗದಲ್ಲಿ ಆಹಾರವಿರುವ ಕಡೆಗೆ ದಾರಿ ಮಾಡಿಕೊಳ್ಳುವುದು ಹೇಗೆ, ಮಾಡಿಕೊಂಡ ದಾರಿಯನ್ನು ನೆನಪಿಡುವುದು ಹೇಗೆ, ಬೇಡವಾದ ದಾರಿಯನ್ನು ಬಿಟ್ಟುಕೊಡುವುದು ಹೇಗೆ? ಈ ಭಾಷಣದ ವಿಷಯ ಆ ದಾರಿ.

ಮೊದಲು ಹೆಗ್ಗಣದ ಪರಿಚಯವಾಗಲಿ.

ಹೊಲದಲ್ಲಿ ಬಿಲ ತೋಡುವ ಈ ಪ್ರಾಣಿಯನ್ನು ಊರೊಳಗಿನ ಚರಂಡಿಗಳಲ್ಲಿ ಓಡಾಡುವ ದೊಡ್ಡ ಹೆಗ್ಗಣದೊಂದಿಗೆ ಬೆರೆಸಬಾರದು. ಪ್ರಾಣಿವಿಜ್ಞಾನಿಗಳು ಬ್ಯಾಂಡಿಕೋಟ ಬೆಂಗಾಲೆನ್ಸಿಸ್ ಎಂದು ಕರೆಯುವ ಇದು ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು. ಬೆಳೆದ ಪ್ರಾಣಿಯ ತೂಕ ಸಾಮಾನ್ಯವಾಗಿ 200ರಿಂದ 400 ಗ್ರಾಂ. ಮೈ ಗಿಡ್ಡ, ಮೂತಿ ಮೊಂಡು, ತುಪ್ಪಟ ಒರಟು, ಬಣ್ಣ ಬೂದುಗಂದು. ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಭತ್ತವಿರುವ ಕಡೆ ಇದರ ಹಾವಳಿ ಹೆಚ್ಚು. ನೀರಿಲ್ಲದ ಖುಷ್ಕಿ ಹೊಲಗಳಲ್ಲಿ ಬಾಲದ ತುದಿಗೆ ಕುಚ್ಚಿರುವ, ಹಿಂಗಾಲಿನ ಮೇಲೆ ಜಿಗಿಯುವ ಇನ್ನೊಂದು ಬಗೆಯ ಬಿಲದ ಇಲಿ ಇದರ ಜಾಗವನ್ನು ಹಂಚಿಕೊಂಡಿರುತ್ತದೆ.

ಹೆಗ್ಗಣದ ಬಿಲದ ಗುರುತು ಅದರ ಬಾಯಲ್ಲೇ ಇದೆ. ಬದುವಿನ ಮಗ್ಗುಲಲ್ಲಿ ಹೊಸದಾಗಿ ಎಳೆದು ಹಾಕಿದ ಮಣ್ಣು ಸಣ್ಣ ಗುಡ್ಡೆಯಾಗಿ ಬಿದ್ದಿರುತ್ತದೆ. ಸುತ್ತಲಿನ ನೆಲ ಒಣಗಿ ಬಿರುಕು ಬಿಟ್ಟಿದ್ದರೂ ಈ ಗುಡ್ಡೆಯ ಮಣ್ಣಿನಲ್ಲಿ ಮಾತ್ರ ತೇವವಿರುತ್ತದೆ, ಏಕೆಂದರೆ ಅದು ಆಳದಿಂದ ಮೇಲೆ ಬಂದದ್ದು. ಬಿಲದ ಬಾಯಿಯನ್ನು ಹೆಗ್ಗಣವೇ ಒಳಗಿನಿಂದ ಮಣ್ಣು ತುಂಬಿ ಮುಚ್ಚಿಕೊಂಡಿರುತ್ತದೆ. ಒಳಗೆ ಕವಲೊಡೆದ ಸುರಂಗಗಳಿವೆ. ಮಲಗುವುದಕ್ಕೆ ಒಂದು ಕೋಣೆ, ಮರಿ ಹಾಕುವುದಕ್ಕೆ ಒಣ ಎಲೆ ಮತ್ತು ಹುಲ್ಲು ಹಾಸಿದ ಇನ್ನೊಂದು ಕೋಣೆ, ಕತ್ತರಿಸಿ ತಂದ ತೆನೆಗಳನ್ನು ಒಟ್ಟುವುದಕ್ಕೆ ಮತ್ತಷ್ಟು ಕೋಣೆಗಳು ಇರುತ್ತವೆ. ಹಾವು ಅಥವಾ ಮುಂಗುಸಿ ಒಳಗೆ ನುಗ್ಗಿದರೆ ಪಾರಾಗಲು ಒಂದೆರಡು ತುರ್ತು ದಾರಿಗಳನ್ನೂ ಅದು ತೋಡಿಟ್ಟುಕೊಂಡಿರುತ್ತದೆ. ಇವುಗಳ ತುದಿಯಲ್ಲಿ ಮಣ್ಣಿನ ತೆಳುಪದರವನ್ನಷ್ಟೇ ಉಳಿಸಿರುವುದರಿಂದ ಹೊರಗಿನಿಂದ ನೋಡಿದವರಿಗೆ ಅಲ್ಲೊಂದು ಬಾಯಿದೆಯೆಂದು ತಿಳಿಯುವುದಿಲ್ಲ. ಒಳಗಿನಿಂದ ತಲೆ ಕೊಟ್ಟು ತಳ್ಳಿದರೆ ಅದು ಒಡೆದುಕೊಳ್ಳುತ್ತದೆ.

ಇಷ್ಟು ದೊಡ್ಡ ಬಿಲದಲ್ಲಿ ಸಾಮಾನ್ಯವಾಗಿ ವಾಸಿಸುವುದು ಒಂದೇ ಹೆಗ್ಗಣ. ತಾಯಿಯಾದರೆ ಮರಿಗಳು ದೊಡ್ಡವಾಗುವ ತನಕ ಜೊತೆಗಿರುತ್ತವೆ. ಅಷ್ಟೊಂದು ಶ್ರಮಪಟ್ಟು ಕಾಳು ಕೂಡಿಡುವುದರ ಕಾರಣವೂ ಸರಳವಾಗಿದೆ. ರಾಗಿ ಕೊಯ್ಲು ಕಾರ್ತಿಕ, ಮಾರ್ಗಶಿರಗಳಲ್ಲಿ ಮುಗಿಯುತ್ತದೆ. ಅಕ್ಕಡಿ ಸಾಲಿನ ಅವರೆ, ತೊಗರಿಗಳೂ ಮುಂದಿನ ತಿಂಗಳುಗಳಲ್ಲಿ ಮನೆ ಸೇರುತ್ತವೆ. ಅನಂತರ ಮುಂಗಾರಿನವರೆಗೆ ಹೊಲ ಬರಿದಾಗಿರುತ್ತದೆ. ಹಳೆಯ ಮೈಸೂರು ಸೀಮೆಯ ರೈತರು ನೆಲದೊಳಗೆ ಹಗೇವು ತೆಗೆದು ರಾಗಿಯನ್ನು ವರ್ಷಗಟ್ಟಲೆ ಕಾಪಾಡಿದ್ದೂ ಇದೇ ಬಗೆಯ ಬರಿದಾದ ದಿನಗಳಿಗಾಗಿ. ಒಂದೇ ಮಣ್ಣು, ಒಂದೇ ಧಾನ್ಯ, ಒಂದೇ ಬೇಸಿಗೆ ಇರುವಲ್ಲಿ ಮನುಷ್ಯನೂ ಹೆಗ್ಗಣವೂ ಬೇರೆ ಬೇರೆಯಾಗಿ ಒಂದೇ ಉಪಾಯವನ್ನು ಕಂಡುಕೊಂಡಿರುವುದು ಗಮನಿಸಬೇಕಾದ ಸಂಗತಿ.

ಇಲ್ಲಿಯವರೆಗೆ ಹೇಳಿದ್ದು ಹೆಗ್ಗಣದ ವಿಚಾರ: ಅದು ಮಣ್ಣನ್ನು ಅಗೆದು ದಾರಿ ಮಾಡುತ್ತದೆ, ಆ ದಾರಿಯ ಮಗ್ಗುಲಲ್ಲಿ ಆಹಾರವನ್ನು ಕೂಡಿಡುತ್ತದೆ. ಇನ್ನು ಲೋಳೆಬೂಷ್ಟಿನ ಕಡೆಗೆ ತಿರುಗಬಹುದು.

ಕೇಳುಗರಲ್ಲಿ ಹಲವರು ಇದನ್ನು ಕಂಡಿರುತ್ತಾರೆ, ಆದರೆ ಹೆಸರಿಟ್ಟು ಗುರುತಿಸಿರಲಾರರು. ಜಡಿಮಳೆ ಹಿಡಿದು ಬಿಟ್ಟ ಮೇಲೆ, ಕಡಿದು ಬಿಟ್ಟ ನೀಲಗಿರಿಯ ಕೊಳೆತ ಬುಡದ ಮೇಲೋ, ಹಲಸಿನ ಮರದ ಕೆಳಗೆ ದಟ್ಟವಾಗಿ ಬಿದ್ದ ಎಲೆಗಳ ಮೇಲೋ, ಗೊಬ್ಬರದ ಗುಂಡಿಯ ಅಂಚಿನಲ್ಲೋ, ರಾತ್ರಿ ಇರದಿದ್ದ ಹಳದಿ ಅಥವಾ ಬಿಳಿ ನೊರೆಯಂಥ ಒಂದು ಹರವು ಬೆಳಗಾಗುವಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಅದು ಒಣಗಿ, ಮುಟ್ಟಿದರೆ ಕಂದುಪುಡಿ ಹಾರುವ ಹಕ್ಕಳೆಯಾಗಿರುತ್ತದೆ. ಆ ಪುಡಿಯ ಒಂದೊಂದು ಕಣವೂ ಬೀಜಾಣು, ಅಂದರೆ ಹೊಸ ಜೀವಿಯನ್ನು ಹುಟ್ಟಿಸಬಲ್ಲ ಸೂಕ್ಷ್ಮ ಕಣ. ಬೀಜಾಣುಗಳಿರುವ ಕಾರಣಕ್ಕೆ ಬಹುಕಾಲ ಇದನ್ನು ಅಣಬೆಯ ಬಳಗಕ್ಕೆ ಸೇರಿಸಿದ್ದರು. ಇದು ನಡೆದಾಡುತ್ತದೆ, ಆಹಾರವನ್ನು ಅಪ್ಪಿ ನುಂಗುತ್ತದೆ, ಆದ್ದರಿಂದ ಅಣಬೆಗಿಂತ ಪ್ರಾಣಿಗಳಿಗೆ ಸಮೀಪವೆಂದು 1859ರಲ್ಲಿ ವಾದಿಸಿದವನು ಜರ್ಮನಿಯ ಆಂಟನ್ ಡಿ ಬ್ಯಾರಿ. ಇಂದಿನ ವಿಜ್ಞಾನ ಇದನ್ನು ಅಮೀಬಾಗಳ ಬಳಗದಲ್ಲಿ ಇರಿಸಿದೆ. ಭಾರತದ ಲೋಳೆಬೂಷ್ಟುಗಳನ್ನು ಒಟ್ಟಾಗಿ ವಿವರಿಸಿದ ಕೆ. ಎಸ್. ಥಿಂಡ್ ಅವರ ಗ್ರಂಥವನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1977ರಲ್ಲಿ ಪ್ರಕಟಿಸಿತು.

ಬೀಜಾಣುವಿನಿಂದ ಹೊರಬಂದ ಸೂಕ್ಷ್ಮ ಜೀವಕೋಶಗಳಲ್ಲಿ ಎರಡು ಕೂಡಿ ಒಂದಾಗುತ್ತವೆ. ಆ ಒಂದು ಜೀವಕೋಶ ಬೆಳೆಯುತ್ತ ಹೋಗುತ್ತದೆ. ಅದರೊಳಗಿನ ಕೋಶಕೇಂದ್ರ, ಅಂದರೆ ವಂಶವಾಹಿಗಳನ್ನು ಹೊತ್ತ ಭಾಗ, ಒಂದು ಎರಡಾಗಿ, ಎರಡು ನಾಲ್ಕಾಗಿ, ಲಕ್ಷಗಟ್ಟಲೆಯಾಗುತ್ತದೆ. ಆದರೆ ಜೀವಕೋಶ ಮಾತ್ರ ವಿಭಜನೆಗೊಳ್ಳದೆ ಒಂದೇ ಆಗಿ ಉಳಿಯುತ್ತದೆ. ಅಂಗೈಯಗಲಕ್ಕೆ, ಕೆಲವೊಮ್ಮೆ ಇನ್ನೂ ಅಗಲಕ್ಕೆ ಹರಡಿದ ಆ ಲೋಳೆ ನಡುವೆ ಅಡ್ಡಗೋಡೆಗಳಿಲ್ಲದ ಒಂದೇ ಜೀವಕೋಶ. ಈ ಅವಸ್ಥೆಗೆ ಪ್ಲಾಸ್ಮೋಡಿಯಂ ಎಂಬ ಹೆಸರಿದೆ. ಮಲೇರಿಯಾ ತರುವ ರೋಗಾಣುವಿಗೂ ಅದೇ ಹೆಸರಿರುವುದು ಆಕಸ್ಮಿಕ, ಎರಡಕ್ಕೂ ನಂಟಿಲ್ಲ. ಲೋಳೆಬೂಷ್ಟಿನಿಂದ ಮನುಷ್ಯನಿಗಾಗಲಿ ದನಕ್ಕಾಗಲಿ ರೋಗ ತಗಲುವುದಿಲ್ಲ. ಅದರ ಆಹಾರ ಬ್ಯಾಕ್ಟೀರಿಯಾ, ಬೂಷ್ಟು ಮತ್ತು ಕೊಳೆಯುವ ಪದಾರ್ಥಗಳಲ್ಲಿರುವ ಇತರ ಸೂಕ್ಷ್ಮಜೀವಿಗಳು.

ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಸಾಕುವ ಹಳದಿ ಬಣ್ಣದ ಜಾತಿ ಫೈಸಾರಮ್ ಪಾಲಿಸೆಫಾಲಮ್. ಅದನ್ನು ಭೂತಗನ್ನಡಿಯ ಕೆಳಗೆ ಇರಿಸಿದರೆ ಕಾಣುವುದು ಕವಲು ಕವಲಾಗಿ ಹಬ್ಬಿದ ನಾಳಗಳ ಬಲೆ. ಮುಂಚೂಣಿಯಲ್ಲಿ ಬೀಸಣಿಗೆಯ ಆಕಾರದ ಹರವು, ಹಿಂದೆ ಒಂದನ್ನೊಂದು ಕೂಡುವ ನಾಳಗಳು. ನಾಳದೊಳಗೆ ಹಳದಿ ಕಣಗಳು ಒಂದು ದಿಕ್ಕಿಗೆ ರಭಸದಿಂದ ಹರಿಯುತ್ತವೆ. ಸುಮಾರು ಒಂದು ನಿಮಿಷವಾಗುತ್ತಲೇ ಹರಿವು ನಿಧಾನವಾಗುತ್ತದೆ, ನಿಲ್ಲುತ್ತದೆ, ಮತ್ತೆ ಎದುರು ದಿಕ್ಕಿಗೆ ಹರಿಯತೊಡಗುತ್ತದೆ. ಹೃದಯವಿಲ್ಲದಿದ್ದರೂ ನಾಳದ ಗೋಡೆಗಳೇ ತಾಳಬದ್ಧವಾಗಿ ಬಿಗಿಯುತ್ತ ಸಡಿಲಗೊಳ್ಳುತ್ತ ಕೋಶರಸವನ್ನು ತಳ್ಳುತ್ತವೆ. ಮುಂದಕ್ಕೆ ಹೋದದ್ದು ಹಿಂದಕ್ಕೆ ಬಂದದ್ದಕ್ಕಿಂತ ತುಸು ಹೆಚ್ಚಾದ ಕಡೆಗೆ ಇಡೀ ಜೀವಿ ಸರಿಯುತ್ತದೆ. ಅದರ ವೇಗ ಗಂಟೆಗೆ ಒಂದೆರಡು ಸೆಂಟಿಮೀಟರ್, ಅನುಕೂಲವಿದ್ದಾಗ ಇನ್ನೂ ತುಸು ಹೆಚ್ಚು.

ಇಲ್ಲಿ ಮೊದಲ ಹೋಲಿಕೆಗೆ ಬರಬಹುದು. ಹೆಗ್ಗಣಕ್ಕೂ ಲೋಳೆಬೂಷ್ಟಿಗೂ ಕವಲೊಡೆದ ದಾರಿಗಳ ಜಾಲವಿದೆ. ಹೆಗ್ಗಣದ ವಿಚಾರದಲ್ಲಿ ದಾರಿ ಬೇರೆ, ನಡೆಯುವವನು ಬೇರೆ. ಹೆಗ್ಗಣ ಸತ್ತರೂ ಬಿಲ ಉಳಿಯುತ್ತದೆ, ಅದರಲ್ಲಿ ಹಾವೋ ಏಡಿಯೋ ಇನ್ನೊಂದು ಹೆಗ್ಗಣವೋ ಬಂದು ಸೇರುತ್ತದೆ. ಲೋಳೆಬೂಷ್ಟಿನ ವಿಚಾರದಲ್ಲಿ ದಾರಿಯೇ ದೇಹ. ನಾಳವನ್ನು ಹಾಕುವುದೂ ಬೆಳೆಯುವುದೂ ಅದಕ್ಕೆ ಒಂದೇ ಕೆಲಸ, ನಾಳವನ್ನು ತೆಗೆಯುವುದೂ ಮೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಒಂದೇ ಕೆಲಸ. ಈ ಒಂದು ಭೇದವನ್ನು ಹಿಡಿದುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುತ್ತದೆ.

ಒಳ್ಳೆಯ ದಾರಿಯನ್ನು ಆರಿಸುವ ಬಗೆ ಎಂಥದು? ಇದನ್ನು ಪರೀಕ್ಷಿಸಲು ವಿಜ್ಞಾನಿಗಳು ಬಳಸಿದ ಸಾಧನ ಎರಡು ಜೀವಿಗಳಿಗೂ ಒಂದೇ, ಅದು ಚಕ್ರವ್ಯೂಹ. ಹಲವು ಕವಲುಗಳಿದ್ದು, ಕೆಲವು ಕುರುಡು ಓಣಿಗಳಲ್ಲಿ ಮುಗಿದು, ಒಂದೋ ಎರಡೋ ಮಾತ್ರ ಆಹಾರವನ್ನು ಮುಟ್ಟುವ ಕಟ್ಟಡಕ್ಕೆ ಇಲ್ಲಿ ಆ ಹೆಸರು. ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದ ವಿಲ್ಲರ್ಡ್ ಸ್ಮಾಲ್ 1901ರಲ್ಲಿ ಇಲಿಗಳಿಗಾಗಿ ಇಂಥ ಚಕ್ರವ್ಯೂಹವನ್ನು ಕಟ್ಟಿ ಪ್ರಯೋಗದ ಫಲವನ್ನು ಪ್ರಕಟಿಸಿದನು. ಅದರ ನಕ್ಷೆಯನ್ನು ಅವನು ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಉದ್ಯಾನದಿಂದ ತೆಗೆದುಕೊಂಡನಾದರೂ, ಆ ಯೋಚನೆಯ ಮೂಲದಲ್ಲಿದ್ದದ್ದು ಬಿಲ ತೋಡುವ ಕಾಡಿಲಿಗಳ ಸುರಂಗಗಳು. ಬಿಲದಲ್ಲಿ ಬದುಕುವ ಪ್ರಾಣಿಯ ಬುದ್ಧಿಯನ್ನು ಬಿಲದಂಥ ಜಾಗದಲ್ಲಿಯೇ ಅಳೆಯಬೇಕೆಂಬ ಆ ವಿವೇಕ ಮೆಚ್ಚತಕ್ಕದ್ದು. ಇಲಿ ಮೊದಲ ಸಲ ಎಲ್ಲ ಕವಲುಗಳಿಗೂ ನುಗ್ಗಿ ತಡವರಿಸುತ್ತದೆ. ಸಲದಿಂದ ಸಲಕ್ಕೆ ತಪ್ಪುಗಳು ಕಡಿಮೆಯಾಗಿ ಕೊನೆಗೆ ನೇರವಾಗಿ ಆಹಾರದ ಬಳಿಗೆ ಓಡುತ್ತದೆ.

ಸುಮಾರು ನೂರು ವರ್ಷಗಳ ತರುವಾಯ, 2000ದಲ್ಲಿ, ಜಪಾನಿನ ತೊಷಿಯುಕಿ ನಕಗಾಕಿ ಮತ್ತು ಜೊತೆಯವರು ಅಂಗೈಗಿಂತ ಚಿಕ್ಕದಾದ ಚಕ್ರವ್ಯೂಹದಲ್ಲಿ ಲೋಳೆಬೂಷ್ಟನ್ನು ಬೆಳೆಸಿದರು. ಅದು ಎಲ್ಲ ಓಣಿಗಳನ್ನೂ ತುಂಬಿಕೊಂಡ ಮೇಲೆ ಎರಡು ತುದಿಗಳಲ್ಲಿ ಓಟ್ಸ್ ಧಾನ್ಯದ ಆಹಾರವನ್ನಿಟ್ಟರು. ಕೆಲವು ಗಂಟೆಗಳಲ್ಲಿ ಕುರುಡು ಓಣಿಗಳಲ್ಲಿದ್ದ ಮೈ ಹಿಂದಕ್ಕೆ ಸರಿಯಿತು. ಉದ್ದದ ದಾರಿಗಳಲ್ಲಿದ್ದ ನಾಳಗಳು ಸಣ್ಣಗಾಗಿ ಮಾಯವಾದವು. ಕೊನೆಗೆ ಉಳಿದದ್ದು ಎರಡು ಆಹಾರಗಳ ನಡುವಿನ ಅತಿ ಚಿಕ್ಕ ದಾರಿಯಲ್ಲಿ ದಪ್ಪನೆಯ ಒಂದೇ ನಾಳ. ಇಲ್ಲಿ ಯಾರೂ ಓಡಾಡಿ ಕಲಿಯಲಿಲ್ಲ. ಎಲ್ಲ ದಾರಿಗಳಲ್ಲಿಯೂ ಒಮ್ಮೆಗೇ ಇದ್ದ ಜೀವಿ ಬೇಡದ ದಾರಿಗಳಿಂದ ತನ್ನನ್ನು ಹಿಂತೆಗೆದುಕೊಂಡಿತು.

ಇದರ ಹಿಂದಿನ ನಿಯಮ ಬಹಳ ಸರಳ. ಕೋಶರಸ ರಭಸವಾಗಿ ಹರಿಯುವ ನಾಳ ಅಗಲವಾಗುತ್ತದೆ. ಅಗಲವಾದ ನಾಳದಲ್ಲಿ ಹರಿವು ಇನ್ನೂ ಹೆಚ್ಚುತ್ತದೆ. ಹರಿವು ಕಡಿಮೆಯಾದ ನಾಳ ಕಿರಿದಾಗಿ ಕ್ರಮೇಣ ಕರಗುತ್ತದೆ. ಹೊಲದ ನಡುವೆ ಜನ ತುಳಿದಷ್ಟೂ ಕಾಲುದಾರಿ ಸವೆದು ಅಗಲವಾಗುವುದು, ತುಳಿಯದೆ ಬಿಟ್ಟರೆ ಗರಿಕೆ ಹಬ್ಬಿ ಮುಚ್ಚಿಹೋಗುವುದು ಇದೇ ಬಗೆಯದು. 2010ರಲ್ಲಿ ನಕಗಾಕಿ ಅವರೂ ಇದ್ದ ತಂಡದವರು ಟೋಕಿಯೊ ಸುತ್ತಲಿನ ಊರುಗಳಿರುವ ಜಾಗಗಳಲ್ಲಿ ಓಟ್ಸ್ ಕಾಳುಗಳನ್ನಿಟ್ಟು, ಲೋಳೆಬೂಷ್ಟಿಗೆ ಬೆಳಕು ಒಗ್ಗದಿರುವುದರಿಂದ ಬೆಟ್ಟ ಮತ್ತು ಸಮುದ್ರದ ಜಾಗಗಳಿಗೆ ಬೆಳಕು ಬಿಟ್ಟು, ಅದನ್ನು ಹಬ್ಬಗೊಟ್ಟರು. ಸುಮಾರು ಒಂದು ದಿನದಲ್ಲಿ ಅದು ಹೆಣೆದ ಜಾಲ, ಇಂಜಿನಿಯರುಗಳು ದಶಕಗಳ ಕಾಲ ದುಡಿದು ಕಟ್ಟಿದ ಅಲ್ಲಿನ ರೈಲುದಾರಿಗಳ ಜಾಲಕ್ಕೆ ಉದ್ದದಲ್ಲಿಯೂ, ಒಂದು ಕೊಂಡಿ ತಪ್ಪಿದರೂ ಸಂಪರ್ಕ ಕಡಿಯದಿರುವ ಗುಣದಲ್ಲಿಯೂ ಸರಿಸಮನಾಗಿ ನಿಂತಿತು.

ಬಿಲದ ಪ್ರಾಣಿಗಳ ಕಡೆಯಿಂದಲೂ ಇಂಥದೇ ಒಂದು ಉದಾಹರಣೆಯನ್ನು ಕೊಡಬೇಕು. ಇಡೀ ಬಾಳನ್ನು ನೆಲದೊಳಗೇ ಕಳೆಯುವ, ಕಣ್ಣು ಚರ್ಮದಡಿ ಮುಚ್ಚಿಹೋಗಿರುವ ಕುರುಡು ಬಿಲದಿಲಿ ಪಶ್ಚಿಮ ಏಷ್ಯಾದಲ್ಲಿದೆ. ಅದರ ಸುರಂಗಕ್ಕೆ ಅಡ್ಡವಾಗಿ ಹಳ್ಳ ತೆಗೆದು ಟೆಲ್ ಅವೀವ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಪ್ರಾಣಿ ಹಳ್ಳದ ಅಂಚನ್ನು ಬಳಸಿಕೊಂಡು, ಆದಷ್ಟು ಚಿಕ್ಕದಾದ ಬಳಸುದಾರಿಯನ್ನು ತೋಡಿ, ಆಚೆಯ ಹಳೆಯ ಸುರಂಗವನ್ನು ಸರಿಯಾಗಿ ಸಂಧಿಸಿತು. ಕಾಣದ ಅಡ್ಡಿಯ ಅಳತೆಯನ್ನೂ ತನ್ನ ಸುರಂಗ ಮುಂದುವರಿಯುವ ದಿಕ್ಕನ್ನೂ ಅದು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿತ್ತೆಂದೇ ಇದರ ಅರ್ಥ.

ಕೇಳುಗರೆ, ಈವರೆಗೆ ದಾರಿ ಹಾಕುವುದು ಮತ್ತು ಆರಿಸುವುದು, ಈ ಎರಡು ಸಂಗತಿಗಳಾದವು. ಇನ್ನು ನೆನಪಿನ ಮಾತು.

ಇಲಿಯ ಜಾತಿಯ ಪ್ರಾಣಿಗಳಲ್ಲಿ ದಾರಿಯ ನಕ್ಷೆ ಇರುವುದು ಮಿದುಳಿನಲ್ಲಿ. ಲಂಡನ್ನಿನ ಜಾನ್ ಓ'ಕೀಫ್ 1971ರಲ್ಲಿ ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ವಿಚಿತ್ರವಾದ ನರಕೋಶಗಳನ್ನು ಕಂಡನು. ಇಲಿ ಕೋಣೆಯ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಒಂದು ನರಕೋಶ ಮಿಡಿಯುತ್ತದೆ, ಬೇರೆ ಜಾಗಕ್ಕೆ ಸರಿದರೆ ಬೇರೊಂದು ಮಿಡಿಯುತ್ತದೆ. ಜಾಗಗಳ ಈ ಒಳನಕ್ಷೆಯ ಶೋಧಕ್ಕಾಗಿ ಓ'ಕೀಫ್ ಮತ್ತು ನಾರ್ವೆಯ ಮೋಸರ್ ದಂಪತಿ 2014ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಇದರ ಜೊತೆಗೆ ಇಲಿಗಳು ನಡೆದ ದಾರಿಯಲ್ಲಿ ಮೂತ್ರದ ಮತ್ತು ಮೈಜಿಡ್ಡಿನ ವಾಸನೆಯನ್ನು ಬಿಡುತ್ತ ಹೋಗುತ್ತವೆ. ಗೋಡೆಯ ಬುಡದಲ್ಲಿ ಇಲಿ ಓಡಾಡಿದ ಕಡೆ ಮಸಿ ಬಳಿದಂಥ ಗುರುತು ಬೀಳುವುದನ್ನು ಗೃಹಿಣಿಯರು ಬಲ್ಲರು. ಆ ವಾಸನೆ ಈ ದಾರಿ ಸುರಕ್ಷಿತವೆಂದು ತಿಳಿಸುತ್ತದೆ.

ಮಿದುಳಿಲ್ಲದ ಲೋಳೆಬೂಷ್ಟು ಈ ಎರಡನೆಯ ಉಪಾಯವನ್ನು ತಲೆಕೆಳಗು ಮಾಡಿ ಬಳಸುತ್ತದೆ. ಅದು ಸರಿದುಹೋದ ಕಡೆಯೆಲ್ಲ ಪಾರದರ್ಶಕವಾದ ಲೋಳೆಯ ಜಾಡು ಉಳಿಯುತ್ತದೆ. ಮತ್ತೆ ಆ ಜಾಡು ಎದುರಾದರೆ ಇಲ್ಲಿ ಆಗಲೇ ಹುಡುಕಿ ಆಗಿದೆ ಎಂಬಂತೆ ಅದನ್ನು ಬಿಟ್ಟು ಹೊಸ ಜಾಗಕ್ಕೆ ತಿರುಗುತ್ತದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಲಾಳದ ಆಕಾರದ ಅಡ್ಡಗೋಡೆಯ ಒಳಗೆ ಲೋಳೆಬೂಷ್ಟನ್ನು ಬಿಟ್ಟು, ಗೋಡೆಯ ಆಚೆ ಆಹಾರವನ್ನಿಟ್ಟರು. ಸಾಧಾರಣ ನೆಲದ ಮೇಲೆ ಹೆಚ್ಚುಕಡಿಮೆ ಎಲ್ಲವೂ ಗೋಡೆಯನ್ನು ಬಳಸಿ ಆಹಾರವನ್ನು ತಲುಪಿದವು. ನೆಲಕ್ಕೆಲ್ಲ ಮೊದಲೇ ಲೋಳೆ ಬಳಿದಿಟ್ಟಾಗ, ಹೊಸ ಜಾಗ ಯಾವುದು ಹಳೆಯದು ಯಾವುದೆಂದು ತಿಳಿಯದೆ ಮೂರರಲ್ಲಿ ಒಂದು ಭಾಗ ಮಾತ್ರ ಪಾರಾದವು. ನೆನಪನ್ನು ಅದು ಮೈಯ ಹೊರಗೆ, ನೆಲದ ಮೇಲೆ ಇಟ್ಟುಕೊಂಡಿದೆ. ಇದಲ್ಲದೆ, ಹಿಂದೆ ಆಹಾರ ಸಿಕ್ಕ ದಿಕ್ಕಿನ ನಾಳಗಳು ದಪ್ಪವಾಗಿಯೇ ಉಳಿಯುವುದರಿಂದ ಅವುಗಳ ದಪ್ಪ ಮತ್ತು ತೆಳುವಿನಲ್ಲಿಯೂ ಒಂದು ನೆನಪು ಅಡಗಿರುತ್ತದೆಂದು 2021ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು.

ದಾರಿಯ ಕೊನೆಯಲ್ಲಿ ಸಿಗುವ ಆಹಾರ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಕಲಿಯುವ ಬಗೆಯೂ ಈ ನೆನಪಿಗೆ ಸೇರಿದ್ದು. ಈ ವಿಚಾರದಲ್ಲಿ ರೈತರಿಗೆ ಸ್ವಂತ ಅನುಭವವಿದೆ. ಜಿಂಕ್ ಫಾಸ್ಫೈಡ್ ಎಂಬ ಇಲಿ ಪಾಷಾಣವನ್ನು ಕಾಳಿನಲ್ಲಿ ಬೆರೆಸಿ ನೇರವಾಗಿ ಇಟ್ಟರೆ, ಅನುಮಾನದ ಪ್ರಾಣಿಯಾದ ಹೆಗ್ಗಣ ಮೊದಲು ತುಸು ಮಾತ್ರ ಕಚ್ಚಿ ನೋಡುತ್ತದೆ. ಸಾಯುವಷ್ಟು ವಿಷ ಒಳಗೆ ಹೋಗದಿದ್ದರೆ ಅದು ನರಳಿ ಚೇತರಿಸಿಕೊಳ್ಳುತ್ತದೆ, ಮತ್ತು ಅನಂತರ ಆ ರುಚಿಯ ಆಹಾರದ ಹತ್ತಿರ ಸುಳಿಯುವುದಿಲ್ಲ. ತಿಂದು ಹಲವು ಗಂಟೆಗಳ ಮೇಲೆ ಹೊಟ್ಟೆ ಕೆಟ್ಟರೂ ಇಲಿ ಆ ತೊಂದರೆಯನ್ನು ಸರಿಯಾಗಿ ಆ ರುಚಿಗೇ ಜೋಡಿಸಬಲ್ಲದೆಂದು ಅಮೆರಿಕದ ಜಾನ್ ಗಾರ್ಸಿಯ 1950 ಮತ್ತು 60ರ ದಶಕಗಳಲ್ಲಿ ತೋರಿಸಿದನು. ಈ ಕಾರಣದಿಂದಲೇ ಕೃಷಿ ತಜ್ಞರು ಮೊದಲ ಒಂದೆರಡು ದಿನ ವಿಷವಿಲ್ಲದ ಕಾಳನ್ನಿಟ್ಟು ರೂಢಿ ಮಾಡಿಸಿ ಅನಂತರ ವಿಷದ ಕಾಳನ್ನಿಡಲು ಹೇಳುತ್ತಾರೆ. ಬ್ರೊಮಾಡಿಯೊಲೊನ್‌ನಂಥ ನಿಧಾನ ವಿಷಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುವುದರಿಂದ, ಹೆಗ್ಗಣಕ್ಕೆ ತಿಂಡಿಗೂ ಕಾಯಿಲೆಗೂ ನಂಟು ಹಾಕಲು ಆಗುವುದಿಲ್ಲ. ಅವುಗಳ ಗೆಲುವಿನ ಗುಟ್ಟು ಅಷ್ಟೇ.

ಹೆಗ್ಗಣ ಒಂದೇ ಅನುಭವದಿಂದ ದೂರವಿರುವುದನ್ನು ಕಲಿತರೆ, ಲೋಳೆಬೂಷ್ಟು ಹಲವು ಅನುಭವಗಳಿಂದ ಹೆದರಿಕೆ ಬಿಡುವುದನ್ನು ಕಲಿಯುತ್ತದೆ. ಫ್ರಾನ್ಸಿನ ಆಡ್ರೆ ದುಸುತೂರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಹಾರ ಮುಟ್ಟಲು ಲೋಳೆಬೂಷ್ಟು ಕ್ವಿನೈನ್ ಅಥವಾ ಕೆಫೀನ್ ಬೆರೆಸಿದ ಸಣ್ಣ ಸೇತುವೆಯನ್ನು ದಾಟಬೇಕಿತ್ತು. ಈ ಕಹಿ ಪದಾರ್ಥಗಳು ಅಷ್ಟು ಪ್ರಮಾಣದಲ್ಲಿ ಹಾನಿ ಮಾಡುವಂಥವಾಗಿರಲಿಲ್ಲ. ಮೊದಲ ದಿನ ಅದು ಎಳೆಯಾಗಿ ಸಣ್ಣಗೆ ಮೈ ಚಾಚಿ ತಡೆತಡೆದು ದಾಟಿತು. ದಿನದಿನಕ್ಕೆ ಅಳುಕು ಕಡಿಮೆಯಾಗಿ ಕೆಲವೇ ದಿನಗಳಲ್ಲಿ ಕಹಿಯಿಲ್ಲದ ಸೇತುವೆಯನ್ನು ದಾಟುವಷ್ಟೇ ಸರಾಗವಾಗಿ ದಾಟತೊಡಗಿತು. ಕ್ವಿನೈನಿಗೆ ಒಗ್ಗಿದ್ದು ಕೆಫೀನಿಗೆ ಅಳುಕಿತು. ಆದ್ದರಿಂದ ಇದು ಆಯಾಸವಲ್ಲ, ಕಲಿಕೆಯೇ ಎಂದು ಅವರು ತೀರ್ಮಾನಿಸಿದರು.

ಕಲಿತದ್ದನ್ನು ಇನ್ನೊಂದಕ್ಕೆ ದಾಟಿಸುವ ಬಗೆ ಇನ್ನೂ ಕುತೂಹಲದ್ದು. ಹೊರಗೆ ಹೋಗಿ ಒಳ್ಳೆಯ ಆಹಾರ ತಿಂದು ಬಂದ ಇಲಿಯ ಉಸಿರಿನ ವಾಸನೆಯನ್ನು ಮೂಸಿದ ಜೊತೆಯ ಇಲಿ ಅದೇ ಆಹಾರವನ್ನು ಆರಿಸಿಕೊಳ್ಳುತ್ತದೆಂದು ಕೆನಡಾದ ಬೆನೆಟ್ ಗೇಲೆಫ್ 1983ರಲ್ಲಿ ತೋರಿಸಿದನು. ಲೋಳೆಬೂಷ್ಟಿನಲ್ಲಿ ಉಪ್ಪಿಗೆ ಒಗ್ಗಿದ ಒಂದನ್ನೂ ಒಗ್ಗದ ಒಂದನ್ನೂ ಪಕ್ಕಪಕ್ಕದಲ್ಲಿಟ್ಟರೆ ಎರಡೂ ಕೂಡಿ ಒಂದೇ ಜೀವಿಯಾಗುತ್ತವೆ. ಸುಮಾರು ಮೂರು ಗಂಟೆ ಕಳೆದು ನಡುವೆ ನಾಳ ಬೆಳೆದ ಮೇಲೆ ಮತ್ತೆ ಕತ್ತರಿಸಿ ಬೇರ್ಪಡಿಸಿದರೆ, ಒಗ್ಗದಿದ್ದ ಭಾಗವೂ ಉಪ್ಪಿಗೆ ಅಳುಕುವುದಿಲ್ಲ. ಒಂದು ಕಡೆ ಉಸಿರಿನ ಮೂಲಕ ಸುದ್ದಿ ಹೋಗುತ್ತದೆ, ಇನ್ನೊಂದು ಕಡೆ ಮೈಯೇ ಹರಿದು ಹೋಗುತ್ತದೆ.

ಹಾಕುವುದು, ಆರಿಸುವುದು, ನೆನಪಿಡುವುದು ಇವಾದ ಮೇಲೆ ಉಳಿದದ್ದು ದಾರಿ ನಿಂತುಹೋಗುವ ಕಾಲ. ಈ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್ ಮಳೆ. ಅದರಲ್ಲಿ ದೊಡ್ಡ ಪಾಲು ಮುಂಗಾರಿನಿಂದ ಅಕ್ಟೋಬರ್ ತನಕ ಬಿದ್ದು ಮುಗಿಯುತ್ತದೆ. ಬೇಸಿಗೆಯಲ್ಲಿ ಹೆಗ್ಗಣ ತನ್ನ ಕಣಜವನ್ನು ನಂಬಿಕೊಂಡು, ಮೇಲಿನ ಮಣ್ಣು ಕಾದರೂ ತಂಪಾಗಿರುವ ಆಳದಲ್ಲಿ ಹಗಲನ್ನು ಕಳೆಯುತ್ತದೆ. ಲೋಳೆಬೂಷ್ಟಿಗೆ ಕೂಡಿಡಲು ಕಣಜವಿಲ್ಲ. ತೇವ ಆರುತ್ತ ಬಂದಂತೆ ಅದು ನಾಳಗಳನ್ನೆಲ್ಲ ಒಳಗೆಳೆದುಕೊಂಡು ಒಣ ಹಕ್ಕಳೆಯಾಗಿ ಮರದ ತೊಗಟೆಗೋ ಹುಲ್ಲಿನ ಕಡ್ಡಿಗೋ ಅಂಟಿಕೊಳ್ಳುತ್ತದೆ. ಹಾಗೆಯೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇದ್ದು, ನೀರು ತಾಕಿದ ಮೇಲೆ ಮತ್ತೆ ಹರಿಯತೊಡಗುತ್ತದೆ.

ಲೋಳೆಬೂಷ್ಟುಗಳಲ್ಲಿ ಇನ್ನೊಂದು ಬಳಗವಿದೆ. ಬೆಂಗಳೂರಿನ ನಂಟಿನಿಂದಾಗಿ ಅದನ್ನು ಇಲ್ಲಿ ಹೆಸರಿಸದೆ ಬಿಡಲಾಗದು. ಡಿಕ್ಟಿಯೊಸ್ಟೀಲಿಯಮ್ ಎಂಬ ಈ ಬಳಗದಲ್ಲಿ ಅಮೀಬಾಗಳು ಮಣ್ಣಿನಲ್ಲಿ ಬಿಡಿಬಿಡಿಯಾಗಿ ಬದುಕುತ್ತವೆ. ಆಹಾರ ಮುಗಿದಾಗ ಒಂದು ರಾಸಾಯನಿಕ ಸಂಕೇತವನ್ನು ಹೊರಡಿಸಿ, ಅದರ ಜಾಡು ಹಿಡಿದು, ಸಾವಿರಗಟ್ಟಲೆಯಾಗಿ ಒಂದೆಡೆ ಸೇರಿ, ಒಂದೆರಡು ಮಿಲಿಮೀಟರ್ ಉದ್ದದ ಹುಳುವಿನಂತೆ ಒಟ್ಟಾಗಿ ಬೆಳಕಿನ ಕಡೆಗೆ ನಡೆಯುತ್ತವೆ. ಕೊನೆಗೆ ಚೆನ್ನಾಗಿ ತಿಳಿದಿರುವ ಜಾತಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಜೀವಕೋಶಗಳು ಸತ್ತು ಕಾಂಡವಾಗುತ್ತವೆ. ಉಳಿದವು ಆ ಕಾಂಡದ ತುದಿಯಲ್ಲಿ ಬೀಜಾಣುಗಳಾಗಿ ಹೊಸ ಜಾಗಕ್ಕೆ ಹೋಗುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯ ಅವರು ಈ ಜೀವಿಗಳ ಸಾಮಾಜಿಕ ನಡವಳಿಕೆಯನ್ನು ದೀರ್ಘಕಾಲ ಅಭ್ಯಸಿಸಿದರು. ಅವರೂ ಜೊತೆಗಾರರೂ ಮುದುಮಲೆ ಕಾಡಿನ ಮಣ್ಣು ಮತ್ತು ಸಗಣಿಯಿಂದ ಈ ಅಮೀಬಾಗಳನ್ನು ಬೇರ್ಪಡಿಸಿ ನೋಡಿ, ಒಂದು ಗುಂಪಿನಲ್ಲಿ ಬೇರೆ ಬೇರೆ ವಂಶದವು ಕೂಡಿರುವುದನ್ನು 2010ರಲ್ಲಿ ವರದಿ ಮಾಡಿದರು. ಹಾಗಾದರೆ ಸತ್ತು ಕಾಂಡವಾದದ್ದು ತನ್ನ ರಕ್ತಸಂಬಂಧಿಗಾಗಿಯೇ ಸತ್ತಿತೆಂದು ಹೇಳಿಬಿಡುವುದು ಸುಲಭವಲ್ಲ. ಒಂಟಿಯಾಗಿ ಬಿಲ ಕಾಯುವ ಹೆಗ್ಗಣದ ಎದುರಿಗೆ ಈ ಸಂಗತಿಯನ್ನು ಇಟ್ಟು ನೋಡಿದರೆ, ಕೂಡಿ ಬಾಳುವುದಕ್ಕೆ ದೊಡ್ಡ ಮಿದುಳು ಬೇಕೇಬೇಕೆಂಬ ಎಣಿಕೆ ನಿಲ್ಲುವುದಿಲ್ಲ.

ಕೊನೆಯದಾಗಿ ಹೊಲದ ಕೆಲಸ. ಬದುವಿನ ಮೇಲೆ ಕಾಣುವ ಎಲ್ಲ ಬಿಲಗಳಲ್ಲಿಯೂ ಹೆಗ್ಗಣವಿರುವುದಿಲ್ಲ. ಸಂಜೆ ಎಲ್ಲ ಬಾಯಿಗಳನ್ನೂ ಮಣ್ಣಿನಿಂದ ಮುಚ್ಚಿ, ಮರುದಿನ ಬೆಳಿಗ್ಗೆ ಯಾವುವು ಮತ್ತೆ ತೆರೆದಿವೆಯೋ ಅವನ್ನು ಮಾತ್ರ ಜೀವಂತ ಬಿಲಗಳೆಂದು ಎಣಿಸಿ ಅಲ್ಲಿಯೇ ಕ್ರಮ ಕೈಗೊಂಡರೆ ವಿಷವೂ ಖರ್ಚೂ ಉಳಿಯುತ್ತವೆ. ಗೂಬೆ, ಕೇರೆಹಾವು, ಮುಂಗುಸಿಗಳು ವಿಷ ತಿಂದ ಇಲಿಯನ್ನು ತಿಂದು ಸಾಯುವುದೂ ತಗ್ಗುತ್ತದೆ. ಒಬ್ಬರ ಹೊಲದಲ್ಲಿ ಮಾತ್ರ ಮಾಡಿದರೆ ಪಕ್ಕದ ಹೊಲದ ಹೆಗ್ಗಣ ಖಾಲಿ ಬಿಲಕ್ಕೆ ಬಂದು ಸೇರುವುದರಿಂದ, ಊರಿನವರೆಲ್ಲ ಒಂದೇ ವಾರದಲ್ಲಿ, ತೆನೆ ಬರುವುದಕ್ಕೆ ಮುಂಚೆಯೇ ಈ ಕೆಲಸಕ್ಕೆ ಇಳಿಯುವುದು ಒಳಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಯಾವ ವಿಷವನ್ನು ಎಷ್ಟು ಪ್ರಮಾಣದಲ್ಲಿ ಬಳಸಬೇಕೆಂದು ವಿಚಾರಿಸಬಹುದು. ಗೊಬ್ಬರದ ಗುಂಡಿಯ ಮೇಲೆ ಹಳದಿ ಲೋಳೆ ಹಬ್ಬಿದ್ದು ಕಂಡರೆ ಔಷಧಿ ಸಿಂಪಡಿಸುವ ಅಗತ್ಯವೇ ಇಲ್ಲ. ಅದು ಬೆಳೆಯನ್ನು ತಿನ್ನುವುದಿಲ್ಲ. ಬ್ಯಾಕ್ಟೀರಿಯಾಗಳನ್ನು ತಿಂದು ಅವುಗಳಲ್ಲಿ ಸೇರಿಕೊಂಡಿದ್ದ ಪೋಷಕಾಂಶಗಳನ್ನು ಮತ್ತೆ ಗೊಬ್ಬರಕ್ಕೆ ಬಿಡುತ್ತದೆ. ಗೊಬ್ಬರ ತೆಗೆಯುವ ಮುನ್ನ ಶಾಲೆಯ ಮಕ್ಕಳನ್ನು ಕರೆದು, ಅವರ ಕೈಗೊಂದು ಭೂತಗನ್ನಡಿ ಕೊಟ್ಟು, ನಾಳಗಳಲ್ಲಿ ರಸ ಅತ್ತಿಂದಿತ್ತ ಹರಿಯುವುದನ್ನು ತೋರಿಸುವುದಕ್ಕೆ ಮಳೆಗಾಲದ ಒಂದು ಬೆಳಗು ಸಾಕು.